ಸಾವಿರ ಮೈಲಿಯ ಸೈಲೆನ್ಸರ್

ನನ್ನ ಅಕ್ಕನ ಗಂಡ ವೆಂಡೆಲ್ ಟೀಗ್ ಬದುಕಿನ ಮೂವತ್ತೇಳು ವರ್ಷಗಳನ್ನು ಕಾರುಗಳ ಹಿಂಭಾಗದಲ್ಲೇ ಕಳೆದ ಮನುಷ್ಯ. ಹೀಗೆಂದರೆ ಅವನಿಗೆ ಸಿಟ್ಟು ಬರುತ್ತಿತ್ತು, ಆದರೆ ಸುಳ್ಳೇನಲ್ಲ. ಕಾರಿನ ಬಣ್ಣ ಯಾವುದು, ಮುಂದಿನ ದೀಪ ಒಡೆದಿದೆಯೋ ಸರಿಯಿದೆಯೋ, ಅದೆಲ್ಲ ಅವನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ನೇರ ಹಿಂದಕ್ಕೆ ಹೋಗಿ, ಹೊಗೆ ಕೊಳವೆಯ ಹತ್ತಿರ ಒಂದು ಮಂಡಿಯೂರಿ, ತಲೆ ಓರೆ ಮಾಡಿ ಕೇಳುತ್ತಿದ್ದ. ಅವನ ಮದುವೆಯ ದಿನ ನನ್ನ ಅಕ್ಕ ವೆಲ್ಮಾ ಚರ್ಚಿನ ಒಳಗೆ ಹೂ ಹಿಡಿದು ಕಾಯುತ್ತಿದ್ದರೆ ಇವನು ಹೊರಗೆ ನಮ್ಮಪ್ಪನ ಟ್ರಕ್ಕಿನ ಹಿಂದೆ ಕುಳಿತು, "ಮಾವ, ಇನ್ನೊಂದು ಸಲ ಆಕ್ಸಿಲರೇಟರ್ ಒತ್ತಿ" ಅನ್ನುತ್ತಿದ್ದ. ಹೊಸ ಪ್ಯಾಂಟಿನ ಮಂಡಿ ಕರಿಯಾಗಿತ್ತು. ಮದುವೆಯ ಫೋಟೋದಲ್ಲಿ ಅದು ಚೆನ್ನಾಗಿ ಕಾಣುತ್ತದೆ.

ನಮ್ಮ ಊರು ಆಯಿಲ್‌ಡೇಲ್. ಕರ್ನ್ ನದಿಗೆ ಈಚೆ ನಾವು, ಆಚೆ ಬೇಕರ್ಸ್‌ಫೀಲ್ಡ್. ಊರಿನ ಗಂಡಸರಲ್ಲಿ ಅರ್ಧ ಜನ ಎಣ್ಣೆ ಬಾವಿಗಳಲ್ಲಿ ದುಡಿಯುವವರು. ಉಳಿದ ಹೊತ್ತಿನಲ್ಲಿ ಎಲ್ಲರದೂ ಒಂದೇ ಹುಚ್ಚು. ಹಳೆಯ ಫೋರ್ಡ್ ತರುವುದು, ಛಾವಣಿ ಕತ್ತರಿಸಿ ತಗ್ಗಿಸುವುದು, ಎಂಜಿನ್ನಿಗೆ ಇಲ್ಲದ ಶಕ್ತಿ ತುಂಬುವುದು, ಆಮೇಲೆ ಆ ಹಾಟ್ ರಾಡ್ ಏರಿ ಭಾನುವಾರ ಚರ್ಚಿಗೆ ತಡವಾಗಿ ಬರುವುದು. ಇಂಥ ಊರಿನಲ್ಲಿ ವೆಂಡೆಲ್‌ನ ಸೈಲೆನ್ಸರ್ ಅಂಗಡಿ ನಡೆಯದೆ ಇರುತ್ತದೆಯೇ? ತಗಡಿನ ದೊಡ್ಡ ಶೆಡ್ಡು, ಕಾರು ಎತ್ತುವ ಒಂದು ಯಂತ್ರ, ಕೊಳವೆ ಬಗ್ಗಿಸುವ ಇನ್ನೊಂದು. ಮುಂದುಗಡೆ ಗಾಜಿನ ಕಿಟಕಿಯ ಒಂದು ಕೋಣೆ, ಅದರಲ್ಲಿ ನಾನು. ಫೋನು, ಕಾಫಿ, ಗಿರಾಕಿಗಳ ಸಿಟ್ಟು ಇವು ಮೂರೂ ನನ್ನ ಇಲಾಖೆ. ನನ್ನ ಗಂಡ ಕೆಲಸ ಹುಡುಕಿಕೊಂಡು ಟೆಕ್ಸಾಸಿಗೆ ಹೋದವನು ಅಲ್ಲೇ ಇನ್ನೊಬ್ಬಳನ್ನೂ ಹುಡುಕಿಕೊಂಡ. ಆಗ ವೆಂಡೆಲ್, "ಆರ್ಲೀನ್, ನಿನ್ನ ಬಾಯಿ ಜೋರು, ನನ್ನ ಅಂಗಡಿಗೆ ಅದೇ ಬೇಕು" ಎಂದು ಕರೆದು ಕೂರಿಸಿದ. ಇಪ್ಪತ್ತಾರು ವರ್ಷ ಕೂತೆ.

ಮಾಮೂಲಿ ಕಾರಿನವರು ಬರುವುದು ಸದ್ದು ಅಡಗಿಸಿಕೊಳ್ಳಲು. ಅದು ಅರ್ಧ ಗಂಟೆಯ ಕೆಲಸ. ಹಾಟ್ ರಾಡಿನವರು ಬರುವುದು ಸದ್ದು ಆರಿಸಿಕೊಳ್ಳಲು. ಆರಿಸಿಕೊಳ್ಳುತ್ತಿದ್ದೇವೆ ಎಂದು ಅವರು ತಿಳಿದಿದ್ದರು ಅಷ್ಟೆ. ಆರಿಸುತ್ತಿದ್ದವನು ವೆಂಡೆಲ್. ಎಂಜಿನ್ ಯಾವುದು, ಮನೆ ಯಾವ ರಸ್ತೆಯಲ್ಲಿದೆ, ಮನೆಯಲ್ಲಿ ಯಾರು ಯಾರಿದ್ದಾರೆ ಎಂದು ಡಾಕ್ಟರರಂತೆ ವಿಚಾರಿಸಿಕೊಂಡು ಗೋಡೆಯ ಹತ್ತಿರ ಹೋಗಿ ಒಂದು ಜೊತೆ ಇಳಿಸುತ್ತಿದ್ದ. ಗಿರಾಕಿ ಬಾಯಿ ತೆರೆದರೆ, "ನೀನು ಓಡ್ಸು. ಕೇಳೋ ಕೆಲಸ ನಂದು" ಅನ್ನುತ್ತಿದ್ದ.

ಇಲ್ಲಿ ಒಂದು ವಿಷಯ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಈ ಸೈಲೆನ್ಸರಿನ ಒಳಗೆ ತೂತು ತೂತಾದ ಒಂದು ಕೊಳವೆ ಇರುತ್ತದೆ. ಅದರ ಸುತ್ತ ಗಾಜಿನ ನಾರು ಸುತ್ತಿ, ಮೇಲೆ ಉಕ್ಕಿನ ಕವಚ ಹಾಕಿರುತ್ತಾರೆ. ಹೊಸದರಲ್ಲಿ ನಾರು ಬಿಗಿಯಾಗಿದ್ದು ಸದ್ದನ್ನೆಲ್ಲ ನುಂಗಿಬಿಡುತ್ತದೆ. ಓಡಿಸುತ್ತಾ ಹೋದಂತೆ ಬಿಸಿಗೆ ನಾರು ಸುಟ್ಟು ಚೂರು ಚೂರಾಗಿ ಹಾರಿಹೋಗುತ್ತದೆ, ಸದ್ದು ಬಿಚ್ಚಿಕೊಳ್ಳುತ್ತದೆ. ಸುಮಾರು ಸಾವಿರ ಮೈಲಿಗೆ ಅದರ ನಿಜವಾದ ದನಿ ಕೂಡುತ್ತದೆ, ಆಮೇಲೆ ವರ್ಷಗಟ್ಟಲೆ ಹಾಗೇ ನಿಲ್ಲುತ್ತದೆ. ತಿಳಿಯದವರು ಅಂಗಡಿಯಲ್ಲಿ ಕೇಳಿದ ಸದ್ದಿಗೆ ಮರುಳಾಗಿ ಕೊಳ್ಳುತ್ತಾರೆ, ಆರು ತಿಂಗಳಲ್ಲಿ ಪಕ್ಕದ ಮನೆಯವರು ಪೊಲೀಸರನ್ನು ಕರೆಸುತ್ತಾರೆ. ವೆಂಡೆಲ್ ಯಾವತ್ತೂ ಆ ದಿನದ ಸದ್ದು ನೋಡಿ ಆರಿಸಿದವನಲ್ಲ. ಸಾವಿರ ಮೈಲಿ ಆಚೆ ಕಾರು ಹೇಗೆ ಕೂಗಬೇಕು ಎಂದು ಲೆಕ್ಕ ಹಾಕಿ, ಇವತ್ತು ಮೆತ್ತಗಿರುವುದನ್ನು ಕೊಡುತ್ತಿದ್ದ.

ಗಿರಾಕಿಗೆ ನಂಬಿಕೆ ಬರಲೆಂದು ಒಂದು ಪದ್ಧತಿ ಇಟ್ಟುಕೊಂಡಿದ್ದ. ಬೇರೆ ಕಾರುಗಳಿಂದ ಬಿಚ್ಚಿದ ಹಳೆಯ ಸೈಲೆನ್ಸರುಗಳನ್ನು ಎಸೆಯುತ್ತಿರಲಿಲ್ಲ. ಯಾವ ಎಂಜಿನ್, ಎಷ್ಟು ಓಡಿದೆ ಎಂದು ಸೀಮೆಸುಣ್ಣದಲ್ಲಿ ಬರೆದು ಹಿಂದಿನ ಗೋಡೆಗೆ ನೇತುಹಾಕುತ್ತಿದ್ದ. ಗಿರಾಕಿಯ ಕಾರಿಗೆ ಅಂಥದೊಂದು ಜೊತೆಯನ್ನು ಕ್ಲ್ಯಾಂಪು ಹಾಕಿ ಬಿಗಿದು, ಒಂದು ನಿಮಿಷ ಎಂಜಿನ್ ಓಡಿಸಿ, "ಕೇಳಿಸ್ಕೋ, ಮುಂದಿನ ವರ್ಷ ನಿಂದು ಹೀಗೆ ಮಾತಾಡುತ್ತೆ" ಅನ್ನುವುದು. ಆಮೇಲೆ ಅದನ್ನು ಬಿಚ್ಚಿ ಹೊಸದನ್ನು ಕೂರಿಸುವುದು. ಹಳೆಯದನ್ನೇ ಹಾಕಿ ಕಳಿಸುವುದು ಗುಜರಿಯವರ ಕೆಲಸ, ತನ್ನದಲ್ಲ ಎನ್ನುವ ಬಿಗುಮಾನ ಅವನಿಗೆ.

ನಮ್ಮ ಚರ್ಚಿನ ಪಾದ್ರಿಯವರೂ ಅವನಿಗೆ ಸಿಕ್ಕಿಬಿದ್ದವರೇ. ಅವರದು ನಲವತ್ತನೇ ಇಸವಿಯ ಫೋರ್ಡು. ಸೈಲೆನ್ಸರ್ ಹಾಕಿಸಿಕೊಂಡು ಹೋದ ಮರುದಿನವೇ ಬಂದರು.

"ವೆಂಡೆಲ್, ಇದು ಹೊಲಿಗೆ ಮಿಷನ್ ಥರ ಕೇಳ್ತಿದೆಯಲ್ಲಪ್ಪ. ನನ್ನ ಹೆಂಡತಿ ನಗ್ತಾಳೆ."

"ಪಾದ್ರಿಗಳೇ, ತಾಳ್ಮೆ ಬಗ್ಗೆ ಹೋದ ಭಾನುವಾರ ಮುಕ್ಕಾಲು ಗಂಟೆ ಮಾತಾಡಿದ್ರಿ. ಈಗ ಒಂದು ಸಾವಿರ ಮೈಲಿ ಅದನ್ನ ಮಾಡಿ ತೋರಿಸಿ."

ಎಂಟು ತಿಂಗಳ ಮೇಲೆ ಪಾದ್ರಿಯವರ ಹೆಂಡತಿ ಬಾದಾಮಿ ಕಡುಬಿನಂಥ ಒಂದು ಪೈ ಮಾಡಿಕೊಂಡು ಬಂದು ಕೌಂಟರಿನ ಮೇಲೆ ಇಟ್ಟು ಹೋದರು. ಹೀಗೆ ವರ್ಷಾನುಗಟ್ಟಲೆ ಅವನು ಹೇಳಿದ್ದೇ ನಿಜವಾಗುತ್ತಾ ಬಂದಿತ್ತು. ಸದಾ ಸರಿಯಾಗಿರುವ ಮನುಷ್ಯನಿಗೆ ಎದುರು ಹೇಳುವ ಅಭ್ಯಾಸ ನಮಗ್ಯಾರಿಗೂ ಉಳಿದಿರಲಿಲ್ಲ. ಬಾಯಿ ಜೋರಿನ ನನಗೂ.

ಡಾಯ್ಲ್ ಮೇಬ್ರಿ ವೆಂಡೆಲ್‌ನ ಜೀವದ ಗೆಳೆಯ. ಹತ್ತೊಂಬತ್ತನೇ ವಯಸ್ಸಿನಲ್ಲಿ ಇಬ್ಬರೂ ಸೇರಿ, ಡಾಯ್ಲ್‌ನ ಅಪ್ಪನ ಕೋಳಿ ಶೆಡ್ಡಿನಲ್ಲಿ, ಮೂವತ್ತಾರನೇ ಇಸವಿಯ, ಎರಡು ಬಾಗಿಲಿನ ಫೋರ್ಡ್ ಕೂಪೆ ಒಂದನ್ನು ಕಟ್ಟಿದ್ದರು. ಅದರ ಎಂಟು ಸಿಲಿಂಡರಿನ ಹಳೆಯ ಎಂಜಿನ್ನಿಗೆ ನಮ್ಮವರು ಫ್ಲ್ಯಾಟ್‌ಹೆಡ್ ಅನ್ನುತ್ತಾರೆ. ಡಾಯ್ಲ್ ಆಗ ಐವಾ ಎಂಬ ಹುಡುಗಿಯ ಹಿಂದೆ ಬಿದ್ದಿದ್ದ. ಸಂಜೆ ಬಾವಿ ಕೆಲಸ ಮುಗಿಸಿ ಅವಳ ಮನೆಯ ರಸ್ತೆಗೆ ತಿರುಗಿದೊಡನೆ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಿದ್ದ. ಆಗ ಆ ಕಾರು ಪಟಪಟ ಗುಡುಗುತ್ತಾ, ಗೊಣಗುತ್ತಾ ಇಳಿದುಬರುತ್ತಿತ್ತು. ಎರಡು ಬೀದಿ ಆಚೆಯಿಂದಲೇ ಐವಾಗೆ ಕೇಳಿಸುತ್ತಿತ್ತು. ಅವಳು ತಲೆ ಬಾಚಿಕೊಂಡು ಗೇಟಿಗೆ ಬರುವಷ್ಟರಲ್ಲಿ ಇವನು ಬಂದು ನಿಲ್ಲುತ್ತಿದ್ದ. ಮದುವೆಯಾಯಿತು, ಮೂರು ಹೆಣ್ಣುಮಕ್ಕಳಾದರು, ಮೂವರೂ ಎರಡು ಸೀಟಿನ ಕಾರಿನಲ್ಲಿ ಹಿಡಿಸಲಿಲ್ಲ. ಕೂಪೆ ಗ್ಯಾರೇಜು ಸೇರಿ ಇಟ್ಟಿಗೆ ಮೇಲೆ ನಿಂತಿತು. ಇಪ್ಪತ್ತೆಂಟು ವರ್ಷ ನಿಂತಿತು.

ಐವತ್ತೈದಕ್ಕೆ ಡಾಯ್ಲ್ ಬಾವಿ ಕೆಲಸ ಬಿಟ್ಟು ಅದನ್ನು ಮತ್ತೆ ಎಬ್ಬಿಸಲು ಕುಳಿತ. ಎಂಜಿನ್, ಬ್ರೇಕು, ಸೀಟು, ಎಲ್ಲ ತಾನೇ ಮಾಡಿದ. ಕೊಳವೆ ಮತ್ತು ಸೈಲೆನ್ಸರ್ ಮಾತ್ರ ವೆಂಡೆಲ್‌ಗೆ ಬಿಟ್ಟ. ಎಂಬತ್ತೇಳನೇ ಇಸವಿಯ ಜನವರಿ ಅದು.

ಅವನು ಕಾರು ತರುವುದಕ್ಕೆ ಮೂರು ದಿನ ಮುಂಚೆ, ಸೋಮವಾರ, ಐವಾ ಒಬ್ಬಳೇ ಅಂಗಡಿಗೆ ಬಂದಳು. ವೆಂಡೆಲ್ ಹಿಂದೆ ಕೊಳವೆ ಬಗ್ಗಿಸುತ್ತಿದ್ದ, ಆ ಯಂತ್ರದ ಗಲಾಟೆಯಲ್ಲಿ ಏನೂ ಕೇಳಿಸುವುದಿಲ್ಲ. ಐವಾ ಕೈಚೀಲವನ್ನು ಎದೆಗೊತ್ತಿಕೊಂಡು ನಿಂತಿದ್ದಳು.

"ಆರ್ಲೀನ್, ಈ ಗುರುವಾರಾನೇ ಅವನ ಕೆಲಸ ಆಗುತ್ತಾ? ಮುಂದಕ್ಕೆ ಹಾಕ್ಬೇಡಿ."

"ಆಗುತ್ತೆ ಬಿಡು. ಏನು ಅಷ್ಟೊಂದು ಅರ್ಜೆಂಟು?"

"ಅವನ ಹೊಟ್ಟೇಲಿ ಗಡ್ಡೆ ಕಣೇ. ನವೆಂಬರಲ್ಲೇ ಗೊತ್ತಾಯ್ತು. ಅವನು ಏಪ್ರಿಲ್ ತಿಂಗಳ ಈಸ್ಟರ್ ಕಂಡ್ರೆ ಹೆಚ್ಚು ಅಂದಿದಾರೆ ಡಾಕ್ಟ್ರು."

ಕಾಫಿ ಬಗ್ಗಿಸಿ ಕೊಟ್ಟೆ. ಅವಳು ಕುಡಿಯಲಿಲ್ಲ.

"ವೆಂಡೆಲ್‌ಗೆ ಮಾತ್ರ ಹೇಳ್ಬೇಡ. ಡಾಯ್ಲ್ ನನ್ನ ಕೈಲಿ ಆಣೆ ಹಾಕಿಸಿಕೊಂಡಿದಾನೆ. ಡಾಯ್ಲ್ ಹೇಳೋದು, ಗೊತ್ತಾದ್ರೆ ವೆಂಡೆಲ್ ಅಳ್ತಾ ಕೂರ್ತಾನೆ, ತನ್ನನ್ನ ಗಾಜಿನ ಲೋಟ ಹಿಡ್ಕೊಂಡ ಹಾಗೆ ಹಿಡ್ಕೋತಾನೆ, ಒಂದು ದಿನಾನಾದ್ರೂ ಅವನ ಹತ್ರ ಬೈಸ್ಕೊಂಡು ನಗ್ತಾ ಇರ್ಬೇಕು ತಾನು ಅಂತ. ನಿನಗೂ ಹೇಳ್ಬಾರ್ದಿತ್ತು. ಆದ್ರೆ ಯಾರಿಗಾದ್ರೂ ಹೇಳ್ಬೇಕಲ್ಲ."

"ನನ್ನ ಬಾಯಿಂದ ಬರಲ್ಲ" ಎಂದೆ.

"ಒಂದೇ ಒಂದು ಆಸೆ ಅವನಿಗೆ. ಆವಾಗಿನ ಥರಾನೇ ಸದ್ದು ಮಾಡ್ಕೊಂಡು ಮನೆ ರಸ್ತೆಗೆ ತಿರುಗ್ಬೇಕು, ನಾನು ವರಾಂಡದಲ್ಲಿ ಕೂತು ಕೇಳ್ಬೇಕು, ಅಷ್ಟೆ. ನನಗೇನು, ನಗು ಬರುತ್ತೆ. ಈ ವಯಸ್ಸಲ್ಲಿ ತಲೆ ಬಾಚ್ಕೊಂಡು ಗೇಟಿಗೆ ಬಾ ಅಂತಾನೆ." ಹಾಗೆಂದವಳು ನಗಲಿಲ್ಲ.

ಊರಿನಲ್ಲಿ ನನ್ನ ಬಾಯಿ ಜೋರು ಅಂತಲೇ ಹೆಸರು. ಅಂಥ ನನ್ನನ್ನು ನಂಬಿ ಒಬ್ಬಳು ಗುಟ್ಟು ಹೇಳಿದಳಲ್ಲ, ಅದರ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಾಯಿತು. ಇದನ್ನು ಮುಚ್ಚಿಟ್ಟುಕೊಳ್ಳುವುದಿಲ್ಲ. ಆ ಹೆಮ್ಮೆಯೂ ಈ ಕಥೆಯಲ್ಲಿ ಪಾಲುದಾರ.

ಗುರುವಾರ ದಟ್ಟ ಮಂಜು. ನಮ್ಮ ಕಣಿವೆಯ ಜನವರಿ ಮಂಜು ಎಂದರೆ ಎದುರಿಗಿನ ಬೇಲಿ ಕಾಣದು. ಡಾಯ್ಲ್‌ನ ಕೂಪೆಯನ್ನು ವೆಂಡೆಲ್ ತನ್ನ ಟ್ರಕ್ಕಿಗೆ ಕಟ್ಟಿ ನಿಧಾನಕ್ಕೆ ಎಳೆದು ತಂದ. ಕಪ್ಪು ಕಾರು, ತಗ್ಗಿದ ಛಾವಣಿ, ಒಳಗೆ ಡಾಯ್ಲ್. ಕೋಟು ಅವನ ಮೇಲೆ ಹ್ಯಾಂಗರಿನ ಮೇಲಿದ್ದಂತೆ ಇತ್ತು.

"ಏನೋ ಹೀಗೆ ಕಡ್ಡಿಯಾಗಿದೀಯ? ಐವಾ ಅಡುಗೆ ಮಾಡೋದು ಬಿಟ್ಟಿದಾಳಾ?" ಎಂದ ವೆಂಡೆಲ್.

"ಬಿಟ್ಟಿಲ್ಲ, ಅದನ್ನ ತಿಂದೇ ಹೀಗಾಗಿರೋದು."

"ಒಳ್ಳೇದೇ ಆಯ್ತು. ಕಾರು ಹಗುರ ಆಗುತ್ತೆ. ನಿನ್ನ ಹೊಟ್ಟೆಗೇ ಇಪ್ಪತ್ತು ಕುದುರೆ ಶಕ್ತಿ ಬೇಕಾಗಿತ್ತು."

ಇಬ್ಬರೂ ನಕ್ಕರು. ಕಿಟಕಿಯ ಈಚೆ ನಾನು ಬಿಲ್ಲುಗಳ ಕಡೆ ತಲೆ ತಗ್ಗಿಸಿದೆ.

ಕೊಳವೆ ಬಗ್ಗಿಸಿ ಕೂರಿಸುವುದು ಮಧ್ಯಾಹ್ನದವರೆಗೆ ನಡೆಯಿತು. ಬೀನ್ಸು ಮತ್ತು ಜೋಳದ ರೊಟ್ಟಿ ವೆಲ್ಮಾ ಕಳಿಸಿದ್ದಳು. ಡಾಯ್ಲ್ ಒಂದು ಚೂರು ಮುರಿದು ಕೈಯಲ್ಲೇ ಇಟ್ಟುಕೊಂಡಿದ್ದ. ಊಟವಾದ ಮೇಲೆ ವೆಂಡೆಲ್ ಹಿಂದಿನ ಗೋಡೆಗೆ ಹೋಗಿ, ಸೀಮೆಸುಣ್ಣದ ಬರಹ ಓದುತ್ತಾ ಓದುತ್ತಾ, ಫ್ಲ್ಯಾಟ್‌ಹೆಡ್‌ನಿಂದ ಬಿಚ್ಚಿದ ಒಂದು ಜೊತೆ ಇಳಿಸಿದ. ತುಕ್ಕು ಹಿಡಿದು ಕೆಂಪಾಗಿದ್ದವು. ಎರಡೂ ಕಡೆ ಕ್ಲ್ಯಾಂಪು ಹಾಕಿ ಬಿಗಿದು, ತಾನು ಹಿಂದೆ ಮಂಡಿಯೂರಿ, "ಹಚ್ಚು" ಎಂದ.

ಆ ಎಂಜಿನ್ನಿನ ಒಂದೊಂದು ಪಕ್ಕದಲ್ಲೂ ನಡುವಿನ ಎರಡು ಸಿಲಿಂಡರುಗಳು ಒಂದೇ ಕಿಂಡಿಯಿಂದ ಉಸಿರು ಬಿಡುತ್ತವೆ. ಅದಕ್ಕೇ ಅದರ ತಾಳ ಎಡವುತ್ತದೆ, ಎಡವಿ ಸರಿಮಾಡಿಕೊಳ್ಳುತ್ತದೆ, ಮತ್ತೆ ಎಡವುತ್ತದೆ. ಬೇರೆ ಯಾವ ಎಂಜಿನ್ನಿಗೂ ಆ ನಡಿಗೆಯಿಲ್ಲ. ಡಾಯ್ಲ್ ಜೋರಾಗಿ ಒತ್ತಿ ಕಾಲು ತೆಗೆದ. ತಗಡಿನ ಶೆಡ್ಡು ಪೂರ್ತಿ ಪಟಪಟನೆ ಗುಡುಗಿ, ಗೊಣಗಿ, ಮೆಲ್ಲಗೆ ಇಳಿಯಿತು. ನನ್ನ ಕೌಂಟರಿನ ಮೇಲಿನ ಚಮಚ ಅಲುಗಿತು. ಐವಾ ಗೇಟಿಗೆ ಬರುತ್ತಿದ್ದ ಕಾಲದಲ್ಲಿ ನಾನು ಹದಿನೈದರ ಹುಡುಗಿಯಾಗಿ ಆ ಸದ್ದು ಕೇಳಿದವಳು. ಅದೇ ಸದ್ದು. ಅನುಮಾನವೇ ಇಲ್ಲ.

ಡಾಯ್ಲ್ ಕಣ್ಣು ಮುಚ್ಚಿಕೊಂಡು ಮೂರು ಸಲ ಹಾಗೆ ಮಾಡಿದ. ಆಮೇಲೆ ಎಂಜಿನ್ ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಹಾಕಿ, "ಇದೇ ಇರ್ಲಿ ವೆಂಡೆಲ್" ಎಂದ.

"ಇದೇ ಕಣೋ ಬರೋದು. ಇಪ್ಪತ್ತೆರಡು ಇಂಚಿಂದು ಹೊಸಾ ಜೊತೆ ತೆಗೆದಿಟ್ಟಿದೀನಿ. ಸಾವಿರ ಮೈಲಿ ಆಗ್ಲಿ, ಇದೇ ಸದ್ದು, ಒಂದು ಕೂದಲೆಳೆ ಆ ಕಡೆ ಈ ಕಡೆ ಆಗಲ್ಲ."

"ಹೊಸದು ಬೇಡ. ಇದನ್ನೇ ಬಿಟ್ಟುಬಿಡು."

"ಏನು, ಈ ತುಕ್ಕು ಡಬ್ಬಾನಾ? ನಿನ್ನ ಕಾರಿಗಾ?"

"ನನಗೆ ಬೇಕಾಗಿರೋದು ಸದ್ದು. ಡಬ್ಬ ಯಾರು ಬಗ್ಗಿ ನೋಡ್ತಾರೆ?"

"ನಾನು ನೋಡ್ತೀನಿ. ಊರಿನವರ ಕಾರಿಗೆಲ್ಲ ಹೊಸದು ಹಾಕಿ ನಿಂಗೆ ಗುಜರಿ ಹಾಕಿ ಕಳಿಸ್ಲಾ? ನನ್ನ ಮುಖಕ್ಕೆ ಉಗೀತಾರೆ."

"ಸ್ವಲ್ಪ ಈಗ್ಲೇ ಜೋರಾಗಿ ಕೇಳೋ ಹಾಗೆ ಮಾಡೋಕಾಗಲ್ವಾ?"

"ಇಪ್ಪತ್ತೆಂಟು ವರ್ಷ ಇಟ್ಟಿಗೆ ಮೇಲೆ ನಿಲ್ಲಿಸಿದ್ದೆ. ಇನ್ನೊಂದು ಸಾವಿರ ಮೈಲಿ ಕಾಯೋಕೆ ಏನು ರೋಗ ನಿನಗೆ?"

ಡಾಯ್ಲ್ ನನ್ನ ಕಡೆ ನೋಡಿದ. ಐವಾ ನನಗೆ ಹೇಳಿರುವುದು ಅವನಿಗೆ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು. ನೋಡಿದ್ದಂತೂ ಹೌದು. ಆಮೇಲೆ ನಕ್ಕು, "ರೋಗ ಏನಿಲ್ಲಪ್ಪ. ಅವಸರ ಅಷ್ಟೆ" ಎಂದ.

ನಾನು ಕೋಣೆಯ ಬಾಗಿಲಿಗೆ ಬಂದು ನಿಂತೆ.

"ಅವನು ಬಾಯಿಬಿಟ್ಟು ಕೇಳ್ತಿದಾನಲ್ಲ ವೆಂಡೆಲ್, ಹಳೇದನ್ನೇ ಇಟ್ಟುಕೊಡು. ನಿನ್ನ ಗಂಟೇನು ಹೋಗುತ್ತೆ?" ಎಂದೆ.

"ಸೈಲೆನ್ಸರ್ ನಾನು ನೋಡ್ಕೋತೀನಿ, ಫೋನ್ ನೀನು ನೋಡ್ಕೋ. ಬಡ್ಕೊಳ್ತಾ ಇದೆ ಅಲ್ಲಿ."

ಫೋನು ನಿಜವಾಗಿಯೂ ಬಡಿದುಕೊಳ್ಳುತ್ತಿತ್ತು. ಆದರೆ ಡಾಯ್ಲ್‌ನ ಎದುರಿಗೆ ಅವನು ಹಾಗೆಂದದ್ದು ನನಗೆ ಚುರ್ರೆಂದಿತು. ಇಷ್ಟು ವರ್ಷ ಕೂತಿದ್ದೇನೆ, ನನಗೂ ಕಿವಿ ಇಲ್ಲವೇ? ಹಾಳಾಗಿ ಹೋಗಲಿ, ನನಗೇನಾಗಬೇಕು ಎಂದುಕೊಂಡು ಒಳಗೆ ಹೋಗಿ ಫೋನು ಎತ್ತಿದೆ. ಯಾರೋ ಹೆಂಗಸು, ಅವಳ ಕಾರು ಕೆಮ್ಮುತ್ತದಂತೆ, ಯಾವಾಗ ತರಲಿ ಎಂದು ಕೇಳುತ್ತಿದ್ದಳು. ಅವಳ ಜೊತೆ ಹತ್ತು ನಿಮಿಷ ಮಾತಾಡಿದೆ. ಬೇಕೆಂದೇ ಎಳೆದೆ. ವಾಪಸ್ ಬರುವ ಹೊತ್ತಿಗೆ ಹಳೆಯ ಜೊತೆ ನೆಲದ ಮೇಲಿತ್ತು, ಹೊಸದು ಕಾರಿನ ಕೆಳಗೆ ಬೆಳ್ಳಗೆ ಹೊಳೆಯುತ್ತಿತ್ತು.

ವೆಂಡೆಲ್‌ನನ್ನು ಪಕ್ಕಕ್ಕೆ ಕರೆದು, ಡಾಯ್ಲ್‌ಗೆ ಸಾವಿರ ಮೈಲಿ ಓಡಿಸುವಷ್ಟು ದಿನ ಉಳಿದಿಲ್ಲ ಎಂದು ನಾಲ್ಕು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಕೊಟ್ಟ ಮಾತು ಅಡ್ಡ ಬಂತು ಎಂದು ಎಷ್ಟೋ ಕಾಲ ನನಗೆ ನಾನೇ ಹೇಳಿಕೊಂಡೆ. ಅರ್ಧ ಸತ್ಯ. ಇನ್ನರ್ಧ ಸಿಟ್ಟು. ಫೋನ್ ನೋಡಿಕೋ ಎಂದವನಿಗೆ ಫೋನ್ ನೋಡಿಕೊಳ್ಳುವವಳಾಗಿಯೇ ಉತ್ತರ ಕೊಟ್ಟೆ.

ಡಾಯ್ಲ್ ಎಂಜಿನ್ ಹಚ್ಚಿದ. ಹಿಟ್ಟಿನ ಗಿರಣಿ ದೂರದಲ್ಲಿ ಓಡಿದಂಥ ಒಂದು ಸದ್ದು. "ಚೆನ್ನಾಗಿದೆ" ಎಂದ. ವೆಂಡೆಲ್ ಕಾರಿನ ಬೆನ್ನು ತಟ್ಟಿ, "ಸಾವಿರ ಆದ ಮೇಲೆ ಬಾ, ಆಗ ಮಾತಾಡೋಣ" ಎಂದ. ಮಂಜು ಸ್ವಲ್ಪ ತೆಳುವಾಗಿತ್ತು. ಕಪ್ಪು ಕಾರು ಮೆತ್ತಗೆ ರಸ್ತೆಗಿಳಿದು ಹೋಯಿತು.

ಅವತ್ತು ಮನೆಯಲ್ಲಿ ಆದದ್ದನ್ನು ಐವಾ ನನಗೆ ಆಮೇಲೆ ಹೇಳಿದಳು. ದೂರಲಿಲ್ಲ, ಸುಮ್ಮನೆ ಹೇಳಿದಳು.

"ಮಧ್ಯಾಹ್ನದಿಂದ ಶಾಲು ಹೊದ್ಕೊಂಡು ವರಾಂಡದಲ್ಲೇ ಕೂತಿದ್ದೆ ಕಣೇ. ತಲೇನೂ ಬಾಚ್ಕೊಂಡಿದ್ದೆ. ಮಂಜಲ್ಲಿ ಕಣ್ಣು ಕಾಣಲ್ವಲ್ಲ, ಕಿವಿ ಕೊಟ್ಟು ಕೂತಿದ್ದೆ. ಏನೂ ಕೇಳಿಸ್ಲಿಲ್ಲ. ಥಂಡಿ ಆಯ್ತು ಅಂತ ಒಳಗೆ ಹೋಗಿ ಸ್ಟೌ ಹಚ್ಚಿದೆ. ಹಿಂದೆ ಬಾಗಿಲು ಸದ್ದಾಯ್ತು, ತಿರುಗಿ ನೋಡಿದ್ರೆ ಇವನು ನಿಂತಿದಾನೆ. ಅಯ್ಯೋ, ನೀನು ಬಂದಿದ್ದೇ ಗೊತ್ತಾಗ್ಲಿಲ್ವಲ್ಲ ಅಂದುಬಿಟ್ಟೆ. ಬಾಯಿ ತಪ್ಪಿ ಬಂತು."

"ಅವನೇನಂದ?"

"ಸಾವಿರ ಮೈಲಿ ಆಗ್ಲಿ ತಾಳು ಅಂದ. ಕೋಟು ಬಿಚ್ಚಿ ಕೂತ್ಕೊಂಡ."

ಆಮೇಲೆ ಅವನು ಕೈಲಾದ ದಿನ ಹೊರಡುತ್ತಿದ್ದನಂತೆ. ಒಂದು ದಿನ ಹನ್ನೆರಡು ಮೈಲಿ, ಇನ್ನೊಂದು ದಿನ ಏಳು, ಮೈ ಚೆನ್ನಾಗಿದ್ದ ದಿನ ಬೆಟ್ಟದ ಬುಡದವರೆಗೆ ಮೂವತ್ತು. ಬಂದು ಗಡಿಯಾರದ ಪಕ್ಕದ ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದ. ಫೆಬ್ರವರಿ ಕೊನೆಗೆ ಕ್ಲಚ್ ಒತ್ತಲು ಎಡಗಾಲಿಗೆ ಬಲ ಇರಲಿಲ್ಲ. ಅಲ್ಲಿಗೆ ಇನ್ನೂರ ಹದಿನಾಲ್ಕು ಮೈಲಿ. ನದಿಯಾಚೆಯ ಆಸ್ಪತ್ರೆಗೆ ಸೇರಿಸಿದ ಮೇಲೆ ಐವಾ ವೆಂಡೆಲ್‌ಗೆ ಫೋನು ಮಾಡಿದಳು. ಅವನು ಪ್ರತಿ ಸಂಜೆ ಹೋಗಿ ಮಂಚದ ಪಕ್ಕ ಕೂತು ಮಾರ್ಚ್ ತಿಂಗಳಲ್ಲಿ ಊರ ಹತ್ತಿರ ನಡೆಯುವ ಕಾರು ರೇಸಿಗೆ ಯಾರು ಯಾರು ಬರುತ್ತಾರೆ ಎಂದು ಹೇಳುತ್ತಿದ್ದ. ಡಾಯ್ಲ್ ಸೈಲೆನ್ಸರಿನ ಮಾತೇ ಎತ್ತಲಿಲ್ಲವಂತೆ. ಮಾರ್ಚ್ ಹತ್ತೊಂಬತ್ತಕ್ಕೆ ತೀರಿಕೊಂಡ.

ಅಂತ್ಯಕ್ರಿಯೆ ಮುಗಿದು ಚರ್ಚಿನ ಹಿಂದಿನ ಹಾಲಿನಲ್ಲಿ ಊಟ ನಡೆಯುತ್ತಿದ್ದಾಗ ಡಾಯ್ಲ್‌ನ ದೊಡ್ಡ ಮಗಳು ಯಾರಿಗೋ ಹೇಳುತ್ತಿದ್ದಳು, "ಅಪ್ಪನಿಗೆ ನವೆಂಬರಿಂದಾನೇ ಗೊತ್ತಿತ್ತು" ಎಂದು. ತಟ್ಟೆ ಹಿಡಿದಿದ್ದ ವೆಂಡೆಲ್ ಅಲ್ಲೇ ನಿಂತ. ಮನಸ್ಸಿನಲ್ಲಿ ತಿಂಗಳು ಎಣಿಸುವುದು ಅವನ ಮುಖದಲ್ಲೇ ಕಾಣುತ್ತಿತ್ತು. ತಟ್ಟೆಯನ್ನು ಮೇಜಿನ ಮೇಲಿಟ್ಟು ಹೊರಗೆ ಹೋದ. ನಾನು ಹಿಂದೆಯೇ ಹೋದೆ.

"ಹಾಗಾದ್ರೆ ಅವತ್ತು ಅಂಗಡೀಲಿ ಅವನಿಗೆ ಗೊತ್ತಿತ್ತು ಆರ್ಲೀನ್. ಗೊತ್ತಿದ್ದೇ ಕೇಳ್ದ. ಇದೇ ಇರ್ಲಿ ಅಂದ. ನಾನು ಏನು ರೋಗ ನಿನಗೆ ಅಂದೆ." ಗೋಡೆಗೆ ಹಣೆ ಒತ್ತಿಕೊಂಡು ಅತ್ತ. ಐವತ್ತಾರು ವರ್ಷದ ಗಂಡಸು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ. "ಅವನು ಹೇಳಿದ್ರೆ ಆಗ್ತಿತ್ತಲ್ಲ. ಯಾರಾದ್ರೂ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ."

ಆಗಲೇ ಹೇಳಬೇಕಿತ್ತು. ಅವನ ಬೆನ್ನ ಮೇಲೆ ಕೈಯಿಟ್ಟು, "ನಿನಗೇನು ಗೊತ್ತಿತ್ತು, ಬಿಡು" ಎಂದೆ. ಎಂಥ ಮಾತು! ಗೊತ್ತಿದ್ದವಳು ನಾನು, ನಾನೇ ಸಮಾಧಾನ ಹೇಳಿದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕೂಪೆಯನ್ನು ಐವಾ ಮಾರಲಿಲ್ಲ. "ಆಗಾಗ ಓಡ್ಸು, ನಿಂತು ಹಾಳಾಗುತ್ತೆ" ಎಂದು ಬೀಗದ ಕೈ ವೆಂಡೆಲ್‌ಗೆ ಕೊಟ್ಟಳು. ಅವನು ವಾರಕ್ಕೆರಡು ದಿನ ಅಂಗಡಿಗೆ ಬೇಗ ಬಾಗಿಲು ಹಾಕಿ, ಅದನ್ನು ಹತ್ತಿ ಬೆಟ್ಟದ ಕಡೆ ಹೋಗಲು ಶುರುಮಾಡಿದ. ಇಪ್ಪತ್ತು ಮೈಲಿ ಹೋಗುವುದು, ಇಪ್ಪತ್ತು ಬರುವುದು. ಊಟಕ್ಕೆ ಕಾದು ಕಾದು ವೆಲ್ಮಾ ನನ್ನ ಹತ್ತಿರ ರೇಗುತ್ತಿದ್ದಳು. "ಸತ್ತವನ ಕಾರಲ್ಲಿ ಏನೇ ಇವನದು ಓಡಾಟ?" ನನಗೆ ಗೊತ್ತಿತ್ತು. ಉಳಿದ ಏಳುನೂರ ಚಿಲ್ಲರೆ ಮೈಲಿಗಳನ್ನು ಅವನು ಮುಗಿಸುತ್ತಿದ್ದ. ಮೇ ತಿಂಗಳಲ್ಲಿ ಸದ್ದು ಒಡೆಯತೊಡಗಿತು. ಜೂನಿನಲ್ಲಿ ಅಂಗಡಿಯ ಮುಂದೆ ತಿರುಗುವಾಗ ಪಟಪಟ ಕೇಳಿಸಿತು, ನನ್ನ ಚಮಚ ಅಲುಗಿತು. ಅವನು ಹೇಳಿದ್ದು ಈ ಸಲವೂ ಸರಿಯಾಗಿತ್ತು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಆ ಭಾನುವಾರ ಮಧ್ಯಾಹ್ನ, "ಬಾ, ಐವಾ ಮನೆಗೆ ಹೋಗೋಣ" ಎಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡ. ಅವಳ ರಸ್ತೆಗೆ ತಿರುಗಿದೊಡನೆ ಕಾಲು ತೆಗೆದ. ಕಾರು ಗುಡುಗುತ್ತಾ, ಗೊಣಗುತ್ತಾ ಇಳಿಯಿತು. ಐವಾ ಪಕ್ಕದ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಕೈ ಮೇಲೆತ್ತಿದ್ದು ಹಾಗೇ ನಿಂತಿತು. ಒದ್ದೆ ದಿಂಬಿನ ಚೀಲವನ್ನು ಬುಟ್ಟಿಗೆ ಹಾಕಿ, ಒಂದು ಕೈಯಿಂದ ಕೂದಲು ಸರಿಮಾಡಿಕೊಂಡಳು. ನಾವು ಗೇಟಿಗೆ ಬರುವ ಮೊದಲೇ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾವು ಸ್ವಲ್ಪ ಹೊತ್ತು ಕಾದೆವು. ಬಾಗಿಲು ತೆರೆಯಲಿಲ್ಲ.

"ನಾನು ಬರಬಾರದಿತ್ತು" ಎಂದ ವೆಂಡೆಲ್.

ವಾಪಸ್ ಬಂದು ಕಾರನ್ನು ಶೆಡ್ಡಿನಲ್ಲಿ ನಿಲ್ಲಿಸಿ ಎಂಜಿನ್ ಆರಿಸಿದ. ಇಬ್ಬರೂ ಇಳಿಯಲಿಲ್ಲ. ತಗಡು ಕಾದು ಒಳಗೆ ಬೇಯುತ್ತಿತ್ತು. ಅವನು ಸ್ಟೀರಿಂಗ್ ಹಿಡಿದೇ ಕುಳಿತಿದ್ದ. ಮೂರು ತಿಂಗಳಿಂದ ಅವನೊಬ್ಬನೇ ಹೊತ್ತುಕೊಂಡಿರುವುದನ್ನು ನೋಡಿ ನೋಡಿ ನನಗೆ ಸಾಕಾಗಿತ್ತು.

"ವೆಂಡೆಲ್, ನನಗೆ ಗೊತ್ತಿತ್ತು. ಐವಾ ಹೇಳಿದ್ಲು."

"ಯಾವಾಗ?"

"ಅವನು ಕಾರು ತರೋದಕ್ಕೆ ಮೂರು ದಿನ ಮುಂಚೆ. ನಿನಗೆ ಹೇಳ್ಬೇಡ ಅಂತ ಮಾತು ತಗೊಂಡಿದ್ಲು. ಅವತ್ತು ಹೇಳೋಣ ಅಂತ ಬಾಗಿಲಿಗೆ ಬಂದೆ. ನೀನು ಫೋನ್ ನೋಡ್ಕೋ ಅಂದೆ. ಸಿಟ್ಟು ಬಂತು. ಒಳಗೆ ಹೋದೆ."

ಬೈಯುತ್ತಾನೆ ಎಂದುಕೊಂಡೆ. ಬೈಗುಳಕ್ಕೆ ತಯಾರಾಗಿದ್ದೆ, ಎದುರುತ್ತರವನ್ನೂ ಇಟ್ಟುಕೊಂಡಿದ್ದೆ. ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ.

"ಮೊದಲ್ನೇ ಸಲ ನಾವು ಹಾಕಿದ್ದೂ ಗುಜರಿದೇ ಆರ್ಲೀನ್. ಮುರಿದ ಲಾರಿಯಿಂದ ಬಿಚ್ಕೊಂಡು ಬಂದಿದ್ವಿ. ಹೊಸದು ಕೊಳ್ಳೋಕೆ ಎಲ್ಲಿತ್ತು ನಮ್ಮ ಹತ್ರ? ಅವನಿಗೆ ಅದು ನೆನಪಿತ್ತು. ನನಗೆ ಅಂಗಡಿ ಬಂದಿತ್ತು, ಹೆಸರು ಬಂದಿತ್ತು." ಸ್ಟೀರಿಂಗಿನಿಂದ ಕೈ ತೆಗೆದು ಹೇಳಿದ, "ಕೆಲಸ ಏನೂ ಇರ್ಲಿಲ್ಲ. ಕ್ಲ್ಯಾಂಪು ಬಿಗಿದಾಗಿತ್ತು. ಬಿಚ್ಚದೇ ಸುಮ್ನಿದ್ದಿದ್ರೆ ಸಾಕಾಗಿತ್ತು."

ಆಮೇಲೆ ಇಳಿದು, ಈಚೆ ಬಂದು, ನನ್ನ ಕಡೆಯ ಬಾಗಿಲು ತೆಗೆದ. ಆ ಬಾಗಿಲು ಒಳಗಿನಿಂದ ತೆಗೆಯಲು ಬರುತ್ತಿರಲಿಲ್ಲ.

ಅಂಗಡಿ ಇನ್ನೂ ಹನ್ನೊಂದು ವರ್ಷ ನಡೆಯಿತು. ಹಳೆಯದನ್ನು ಕೇಳಿದವರಿಗೆ ಹಳೆಯದನ್ನೇ ಬಿಗಿದು ಕಳಿಸುತ್ತಿದ್ದ, ಗುಜರಿಯವನು ಅಂತ ಆಡಿಕೊಂಡವರೂ ಇದ್ದರು. ಭಾನುವಾರ ನನ್ನ ಮನೆಗೆ ಊಟಕ್ಕೆ ಬರುತ್ತಿದ್ದ, ಎರಡನೇ ಸಲ ಬಡಿಸಿಕೊಳ್ಳುತ್ತಿದ್ದ, ನನ್ನ ಕಾಫಿಯನ್ನು ಮೊದಲಿನಂತೆಯೇ ಹೀಯಾಳಿಸುತ್ತಿದ್ದ. ಆ ವಿಷಯವನ್ನು ಮಾತ್ರ ಸಾಯುವವರೆಗೆ ಒಂದೇ ಒಂದು ಸಲವೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ನಾನೂ ನಾಲ್ಕು ಮಾತು ಬೈದು, ಅತ್ತು, ಹಗುರಾಗುತ್ತಿದ್ದೆ. ಅವನು ನನಗೆ ಆ ಒಂದು ಅವಕಾಶ ಕೊಡಲಿಲ್ಲ.